ದೊಡ್ಡ ಕರುಳಿನ ಕಾಯಿಲೆಗೆ ವಿಡಿಯೋ ಕಾಲ್ ಚಿಕಿತ್ಸೆ: ನಮ್ಮ ಮನೆಯ ಅನುಭವ

ಅಮ್ಮನಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ), ನೀವು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ, ಡಾಕ್ಟರು ಬೆಂಗಳೂರಲ್ಲಿ. ಇನ್ನು ಮುಂದೆ ವಿಡಿಯೋ ಕಾಲ್‌ನಲ್ಲೇ ನೋಡ್ತಾರಂತೆ, ಏನು ತಯಾರಿ ಬೇಕು ಅಂತ ಕೇಳಿದ್ದೀರಿ.

ನನ್ನ ತಮ್ಮನಿಗೂ ಇದೇ ಕಾಯಿಲೆ. ಅವನನ್ನೂ ಹೆಚ್ಚಾಗಿ ಫೋನಲ್ಲೇ ನೋಡುತ್ತಾರೆ, ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಲೆಕ್ಕ ನಮ್ಮ ಹತ್ತಿರ ಇರಬೇಕು. "ಪರವಾಗಿಲ್ಲ ಡಾಕ್ಟ್ರೇ" ಅಂದುಬಿಟ್ಟರೆ ಅವರಿಗೆ ಏನು ಗೊತ್ತಾಗುತ್ತೆ ಹೇಳಿ? ನಾವು ಗೋಡೆ ಕ್ಯಾಲೆಂಡರ್‌ನಲ್ಲಿ ಆಯಾ ತಾರೀಖಿನ ಕೆಳಗೇ ಬರೆಯುತ್ತೇವೆ: "5, ರಕ್ತ 2, ರಾತ್ರಿ 1". ಅಂದರೆ ದಿನಕ್ಕೆ ಎಷ್ಟು ಸಲ ಕಕ್ಕಸಿಗೆ ಹೋದ, ಅದರಲ್ಲಿ ಎಷ್ಟು ಸಲ ರಕ್ತ ಕಂಡಿತು, ನಿದ್ದೆಯಿಂದ ಎಷ್ಟು ಸಲ ಎದ್ದು ಹೋದ. ಜೊತೆಗೆ ಆಗಾಗ ತೂಕ. ಆ ಪುಟದ ಫೋಟೋ, ರಿಪೋರ್ಟುಗಳು ಹಿಂದಿನ ದಿನವೇ ಅವರಿಗೆ ಹೋಗಿರಲಿ.

ಅಜಥಯೋಪ್ರಿನ್ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ) ಕೊಟ್ಟಿದ್ದರೆ ರಕ್ತಕಣ, ಲಿವರ್ ಟೆಸ್ಟ್ ತಪ್ಪಿಸಲೇಬಾರದು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್ ಬೇಕಾ ಅಂತಲೂ ಕೇಳಿ, ಕರುಳಿನಲ್ಲಿ ಉರಿಯೂತ ಇದೆಯೋ ಇಲ್ಲವೋ ಅನ್ನುವ ಸುಳಿವು ದೂರದಿಂದಲೇ ಸಿಗುತ್ತದೆ.

ಕಾಲ್ ಬಂದಾಗ ಮನೆಯಲ್ಲಿರುವ ಎಲ್ಲ ಮಾತ್ರೆ ಶೀಟುಗಳನ್ನೂ ಕ್ಯಾಮೆರಾ ಮುಂದೆ ಹಿಡಿಯಿರಿ, ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿಂದ ತಂದದ್ದೂ ಸೇರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳಿಂದ ಈ ಕಾಯಿಲೆ ಕೆರಳಬಹುದು. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಅದೂ ಔಷಧಿಯೇ ಅಂತ ಅನ್ನಿಸುವುದೇ ಇಲ್ಲ. ಸ್ಟೀರಾಯ್ಡ್ ಇದ್ದರೆ ಆರಾಮಾಯ್ತು ಅಂತ ಸುಮ್ನೆ ನಿಲ್ಲಿಸಬೇಡಿ. ಔಷಧಿ ಚೀಟಿ ಬಗ್ಗೆ ಚಿಂತೆ ಬೇಡ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ವಿಡಿಯೋದಲ್ಲಿ ನೋಡಿದ ಡಾಕ್ಟರೂ ಬರೆದುಕೊಡಬಹುದು, ಅದರಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇದೆಯಾ ನೋಡಿಕೊಳ್ಳಿ.

ಇನ್ನೊಂದು ವಿಷಯ. ಮಗ, ಸೊಸೆ ಎದುರು ಕೂತಿದ್ದರೆ ಅಮ್ಮ ಬಾಯಿ ಬಿಡಲಿಕ್ಕಿಲ್ಲ. ಬಟ್ಟೆಯಲ್ಲೇ ಆಗಿಬಿಡುತ್ತೆ ಅನ್ನುವುದನ್ನು ಮಕ್ಕಳ ಮುಂದೆ ಹೇಗೆ ಹೇಳ್ತಾರೆ, ಅಲ್ವಾ? ಫೋನ್ ಹಚ್ಚಿಕೊಟ್ಟು, ಬಾಗಿಲು ಹಾಕಿ ಸ್ವಲ್ಪ ಹೊತ್ತು ಹೊರಗಿರಿ.

ಹೊಟ್ಟೆ ಒತ್ತಿ ನೋಡುವುದು, ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವುದು), ಇವಕ್ಕೆ ಆಸ್ಪತ್ರೆಗೆ ಹೋಗಲೇಬೇಕು. ದಿನಕ್ಕೆ ಆರು ಸಲ ಅಥವಾ ಜಾಸ್ತಿ ರಕ್ತಭೇದಿಯಾಗಿ ಜ್ವರವೋ ಎದೆಬಡಿತವೋ ಏರಿದರೆ, ಹೊಟ್ಟೆ ಉಬ್ಬಿ ವಿಪರೀತ ನೋವಾದರೆ, ಕಾಲ್‌ಗೆ ಕಾಯದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಾತ್ರಿ ಹೊತ್ತಲ್ಲಿ ಹಾಗಾದರೆ ಸಾಗರವೋ ಶಿವಮೊಗ್ಗವೋ ಅಂತ ಮೊದಲ ಕಾಲ್‌ನಲ್ಲೇ ಕೇಳಿ, ಆ ಕ್ಯಾಲೆಂಡರ್ ಮೇಲೇ ಬರೆದಿಡಿ.