ಟಿಟ್ಟಿಭದ ಮರಿಗೆ ಏನು ತಿನ್ನಿಸಬೇಕು?

ಚಿತ್ತಾಪುರದಿಂದ ಪ್ರಶ್ನೆ: ತೊಗರಿಯ ಸಾಲುಗಳ ನಡುವೆ ಕಳೆ ತೆಗೆಯಲು ಎಡೆ ಹೊಡೆಯುವಾಗ ಟಿಟ್ಟಿಭ ಹಕ್ಕಿಯ ಎರಡು ಮರಿಗಳು ಸಿಕ್ಕವು. ತಾಯಿ ಬಿಟ್ಟುಹೋಗಿದೆ ಎಂದುಕೊಂಡು ಮಗ ಬುಟ್ಟಿಯಲ್ಲಿ ಮನೆಗೆ ತಂದಿದ್ದಾನೆ. ಹೋದ ವರ್ಷ ಅಂಗಳದಲ್ಲಿ ಬಿದ್ದಿದ್ದ ಪಿಕಳಾರದ (ಬುಲ್‌ಬುಲ್ ಹಕ್ಕಿಯ) ಮರಿಯನ್ನು ಸಾಕಲು ಹೋಗಿ ಕಳೆದುಕೊಂಡೆವು. ಇವನ್ನಾದರೂ ಉಳಿಸಬೇಕು. ಏನು ತಿನ್ನಿಸಲಿ?

ಶಹಾಪುರದಿಂದ: ಏನೂ ತಿನ್ನಿಸಬೇಡಿ. ಕತ್ತಲಾಗುವುದರೊಳಗೆ ಸಿಕ್ಕ ಸಾಲಿಗೇ ಒಯ್ದು ಬಿಡಿ. ಪಿಕಳಾರದ ಮರಿ ಮೊಟ್ಟೆಯಿಂದ ಬರುವಾಗ ಬರಿಮೈ, ಕಣ್ಣೂ ತೆರೆದಿರುವುದಿಲ್ಲ. ತಂದೆತಾಯಿ ಹುಳ ತಂದು ಬಾಯಿಗೆ ಇಡಲೇಬೇಕು. ಟಿಟ್ಟಿಭ ಕಾವಿಗೆ ಕೂರುವುದೇ ನಾಲ್ಕು ವಾರ, ಪಿಕಳಾರದ ಎರಡರಷ್ಟು. ಅದರ ಮರಿ ಕಣ್ಣು ಬಿಟ್ಟುಕೊಂಡು, ಮೈತುಂಬ ತುಪ್ಪುಳ ಹೊತ್ತೇ ಹೊರಬರುತ್ತದೆ. ಕೆಲವೇ ಗಂಟೆಗಳಲ್ಲಿ ಓಡಾಡಿ ತಾನೇ ಹುಳ ಹೆಕ್ಕುತ್ತದೆ. ತಂದೆತಾಯಿಯ ಕೆಲಸ ಕಾಯುವುದು, ರೆಕ್ಕೆಯಡಿ ಬೆಚ್ಚಗಿಡುವುದು. ಅದು ನಮ್ಮಿಂದ ಆಗದ ಕೆಲಸ.

ತಾಯಿ ಬಿಟ್ಟುಹೋಗಿರಲಿಕ್ಕಿಲ್ಲ. ನಿಮ್ಮ ತಲೆಯ ಮೇಲೆ ಒಂದು ಹಕ್ಕಿ ಕಿರುಚುತ್ತ ಸುತ್ತಿರಬೇಕು, ಅದೇ ತಾಯಿ. ನಮ್ಮ ಎರೆಹೊಲದಲ್ಲಿ ಆ ಕೂಗು ಕೇಳಿದೊಡನೆ ಒಂದು ಮರಿ ಎರಡು ಹೆಂಟೆಗಳ ನಡುವೆ ಕೊಕ್ಕನ್ನು ನೆಲಕ್ಕೆ ಒತ್ತಿ ಮಲಗಿಬಿಟ್ಟಿತು. ಗೇಣು ದೂರದಲ್ಲಿ ನಿಂತಿದ್ದರೂ ಅದು ಕಣ್ಣು ಮಿಟುಕಿಸುವವರೆಗೆ ಮೂರನೆಯ ಹೆಂಟೆ ಎಂದೇ ತಿಳಿದಿದ್ದೆ.

ಇನ್ನೊಂದು ಮಾತು, ಗಿಡದ ಮೇಲೆ ಇಡಬೇಡಿ. ಪಿಕಳಾರದಂತೆ ಟೊಂಗೆ ಹಿಡಿಯಲು ಇದಕ್ಕೆ ಬರುವುದಿಲ್ಲ. ಹಿಂಬೆರಳು ಹೆಸರಿಗಷ್ಟೇ ಇರುತ್ತದೆ.

ಹುಮನಾಬಾದಿನಿಂದ: ಮೇಲಿನ ಅಕ್ಕ ಹೇಳಿದ್ದು ಸರಿ. ಪಿಕಳಾರದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಮೊದಲ ಮರಿಯ ಬಾಯಿಗೆ ಹನಿಹನಿಯಾಗಿ ನೀರು ಬಿಟ್ಟೆ. ಉಸಿರಿನ ಕೊಳವೆಗೆ ಇಳಿದು ಸತ್ತುಹೋಯಿತು. ಈಗಲೂ ಸಂಕಟವಾಗುತ್ತದೆ. ಮರುವರ್ಷ ಬಿದ್ದ ಮರಿಯನ್ನು, ಗೂಡು ಹರಿದಿದ್ದರಿಂದ, ತಳಕ್ಕೆ ತೂತು ಮಾಡಿದ ಡಬ್ಬಿಯಲ್ಲಿ ಒಣಹುಲ್ಲು ಹಾಕಿ ಅದೇ ದಾಳಿಂಬೆ ಗಿಡಕ್ಕೆ ಕಟ್ಟಿದೆ. ಅರ್ಧ ಗಂಟೆಯಲ್ಲಿ ತಾಯಿ ಹುಳ ಕಚ್ಚಿಕೊಂಡು ಬಂತು. ಮನುಷ್ಯರು ಮುಟ್ಟಿದರೆ ಸೇರಿಸುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಪುಕ್ಕ ಮೂಡಿ ಕುಪ್ಪಳಿಸುವ ಮರಿಯಾದರೆ ಬೆಕ್ಕನ್ನು ದೂರವಿಟ್ಟರೆ ಸಾಕು. ಯಾವುದನ್ನೂ ಪಂಜರದಲ್ಲಿ ಇಡಬೇಡಿ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ.

ಚಿತ್ತಾಪುರದಿಂದ: ಐದು ಗಂಟೆಗೆ ಬಿಟ್ಟು ಬದುವಿನ ಆಚೆ ಕುಳಿತೆವು. ಎರಡೂ ದೊಡ್ಡ ಹಕ್ಕಿಗಳು ಬಂದವು. ಒಂದು ಕಾಲು ಮಡಚಿ ಕುಳಿತಿತು, ಮರಿಗಳು ಓಡಿಹೋಗಿ ಅದರ ಹೊಟ್ಟೆಯಡಿ ಸೇರಿಕೊಂಡವು. ಆ ನಾಲ್ಕು ಸಾಲುಗಳಿಗೆ ಈ ವಾರ ಎಡೆ ಬೇಡ ಎಂದು ಮಗ ಹೇಳಿದ್ದಾನೆ, ನಾನೂ ಒಪ್ಪಿದ್ದೇನೆ.