2003ರ ಮಾರುತಿ 800 ಕಾರಿಗೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಪ್ಯಾಕಿಂಗ್) ಹೋಗಿದೆ, ಮನೆಯಲ್ಲೇ ಮಾಡಿದವರು ಅನುಭವ ಹೇಳಿ

ಹಾಸನದ ಹುಡುಗ: ಅಪ್ಪನ ಮಾರುತಿ 800. ಶಿರಾಡಿ ಘಾಟಿ ಹತ್ತುವಾಗ ರೇಡಿಯೇಟರ್‌ನ ಮೇಲಿನ ಹೋಸ್ ಒಡೆದು ಇಂಜಿನ್ ಕಾದುಹೋಯಿತು. ಈಗ ಸ್ಟಾರ್ಟ್ ಮಾಡಿದರೆ ರೇಡಿಯೇಟರ್‌ನಲ್ಲಿ ಗುಳ್ಳೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ. ನೀರು ದಿನಾ ಕಡಿಮೆಯಾಗುತ್ತಿದೆ. ಆಯಿಲ್ ಮಾತ್ರ ಚೆನ್ನಾಗಿದೆ. ಗ್ಯಾರೇಜಿನಲ್ಲಿ 14,000 ಕೇಳಿದರು. ಮನೆ ಪಕ್ಕ ಶೆಡ್ ಇದೆ, ಸ್ಪ್ಯಾನರ್ ಸೆಟ್ ಇದೆ, ಬೋಲ್ಟನ್ನು ಅಳತೆಯಷ್ಟೇ ಬಿಗಿಯುವ ಟಾರ್ಕ್ ರೆಂಚ್ ಇಲ್ಲ. ನಾನೇ ಮಾಡಬಹುದಾ? ಹೆಡ್ ಫೇಸಿಂಗ್ (ಲೇತ್ ಅಂಗಡಿಯಲ್ಲಿ ಹೆಡ್‌ನ ಅಡಿಯನ್ನು ಸಮತಟ್ಟು ಮಾಡುವುದು) ಮಾಡಿಸಲೇಬೇಕಾ?

ಶಿವಮೊಗ್ಗ ಸ್ಪ್ಯಾನರ್: ಮಾಡಬಹುದು. ನಾನು ಓಮ್ನಿಗೆ ಮಾಡಿದ್ದೇನೆ, ಅದೇ 796 ಸಿಸಿ, ಮೂರು ಸಿಲಿಂಡರ್. ಓಮ್ನಿಯಲ್ಲಿ ಇಂಜಿನ್ ಸೀಟಿನ ಕೆಳಗೆ, ಬೆನ್ನು ಮುರಿಯುತ್ತದೆ. ನಿಮ್ಮದು ಬಾನೆಟ್ ಎತ್ತಿದರೆ ಎದುರಿಗೇ ಇದೆ, ಪುಣ್ಯವಂತರು. 800 ನಿಂತದ್ದು 2014ರ ಜನವರಿಯಲ್ಲಿ, ಓಮ್ನಿ 2019ರವರೆಗೆ ಬಂತು. ಹಾಗಾಗಿ ಪಾರ್ಟ್ಸ್ ಚಿಂತೆ ಬೇಡ.

ಖರ್ಚು ಬರೆದಿಟ್ಟಿದ್ದೇನೆ. ಫುಲ್ ಪ್ಯಾಕಿಂಗ್ ಸೆಟ್ 1,150. ಫೇಸಿಂಗ್ 800. ವಾಲ್ವ್ ಸೀಲ್ ಮತ್ತು ಗ್ರೈಂಡಿಂಗ್ 600. ಟೈಮಿಂಗ್ ಬೆಲ್ಟ್ 480, ಹೇಗೂ ಬಿಚ್ಚಿದ ಮೇಲೆ ಹಳೆಯದನ್ನು ಮತ್ತೆ ಹಾಕುವವನು ಜಿಪುಣ. ಆಯಿಲ್, ಫಿಲ್ಟರ್ 1,240. ಕೂಲಂಟ್ 640. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಸ್ಟಡ್ ತುಕ್ಕು ಹಿಡಿದು ಮುರಿಯಿತು, ಡ್ರಿಲ್ ಹಾಕಿ ತೆಗೆಸಿದ್ದಕ್ಕೆ 700. ರಾತ್ರಿಯೆಲ್ಲ ಡೀಸೆಲ್‌ನಲ್ಲಿ ನೆನೆಸಿದ್ದೆ, ಆದರೂ ಮುರಿಯಿತು. ಟಾರ್ಕ್ ರೆಂಚ್ 2,850. ಒಟ್ಟು 8,460. ರೆಂಚ್ ಬಿಟ್ಟರೆ 5,610. ಬಂಡಿ ಇವತ್ತಿಗೂ ಓಡುತ್ತಿದೆ. ಗ್ಯಾರೇಜಿಗೆ ಕೊಟ್ಟವರು ಅಳುತ್ತಾ ಕೂತಿದ್ದಾರೆ.

ಝೆನ್ ಮಾವ: ಕೊನೇ ಮಾತು ನನಗೇ ಹೇಳಿದ್ದು ಅಂತ ಗೊತ್ತು ಬಿಡಿ. ಹೌದು, ಗ್ಯಾರೇಜಿಗೆ ಕೊಟ್ಟೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. 1998ರ ಝೆನ್. 9,000 ಆಗುತ್ತದೆ ಅಂದವರು 13,200 ಬಿಲ್ ಕೊಟ್ಟರು. "ಅಂಕಲ್, ಬಿಚ್ಚಿದ ಮೇಲೆ ಗೊತ್ತಾಯಿತು" ಅಂತ. ಮಳೆಗಾಲ ಮುಗಿಯುವುದರೊಳಗೆ ಮತ್ತೆ ಗುಳ್ಳೆ. ಬೇರೆಯವರ ಹತ್ತಿರ ತೆಗೆಸಿದರೆ, ಬ್ಲಾಕ್ ಮೇಲೆ ಹಳೇ ಪ್ಯಾಕಿಂಗ್‌ನ ಚೂರು ಹಾಗೇ ಅಂಟಿಕೊಂಡಿದೆ! ಅದರ ಮೇಲೇ ಹೊಸದನ್ನು ಇಟ್ಟು ಬಿಗಿದಿದ್ದರು. ಝೆನ್‌ನಲ್ಲಿ ಬ್ಲಾಕೂ ಅಲ್ಯೂಮಿನಿಯಂ, 800ರ ಹಾಗೆ ಬೀಡು (ಎರಕದ ಕಬ್ಬಿಣ) ಅಲ್ಲ. ಎರಡನೇ ಸಲ ಬೋಲ್ಟ್ ಬಿಚ್ಚಿದಾಗ ಬ್ಲಾಕ್‌ನ ಥ್ರೆಡ್ಡೇ ಕಿತ್ತುಕೊಂಡು ಬಂತು. ಹೆಲಿಕಾಯಿಲ್ ಅನ್ನುವ ಹೊಸ ಥ್ರೆಡ್ ಸುರುಳಿ ಹಾಕಿಸಿ, ಮತ್ತೆ ಫೇಸಿಂಗ್, ಮತ್ತೆ ಸೆಟ್, ಮತ್ತೆ ಆಯಿಲ್. 10,500. ಎರಡೂ ಸೇರಿ 23,700. ಆ ಕಾಲಕ್ಕೆ ಝೆನ್ ಮಾರಿದರೂ ಅಷ್ಟು ಬರುತ್ತಿರಲಿಲ್ಲ. ಹೆಂಡತಿ ಇದನ್ನು ಪ್ರತಿ ಹಬ್ಬಕ್ಕೂ ನೆನಪಿಸುತ್ತಾಳೆ.

ಪದ್ಮಿನಿ ಸವಾರ: ಏನ್ರೀ ಇಷ್ಟು ದೊಡ್ಡದು ಮಾಡ್ತೀರಿ? ನಮ್ಮ ಕಾಲದಲ್ಲಿ ಪ್ರೀಮಿಯರ್ ಪದ್ಮಿನಿಯ ಹೆಡ್ಡನ್ನು ಭಾನುವಾರ ತಿಂಡಿ ಮುಗಿಸಿ ಬಿಚ್ಚಿ, ಸಂಜೆ ಕಾಫಿ ಹೊತ್ತಿಗೆ ಕೂರಿಸುತ್ತಿದ್ದೆವು. 1,089 ಸಿಸಿ, ವಾಲ್ವ್ ತೆರೆಯುವ ಕ್ಯಾಮ್ ಕೆಳಗೆ ಬ್ಲಾಕ್‌ನಲ್ಲೇ. ಬೆಲ್ಟ್ ಇಲ್ಲ, ಟೈಮಿಂಗ್ ಮುಟ್ಟುವ ತಾಪತ್ರಯ ಇಲ್ಲ. ಟಾರ್ಕ್ ರೆಂಚ್ ಅಂತೆ! ಕೈಗೆ ಗೊತ್ತಾಗುತ್ತದೆ. ಬಿಗಿದು, 500 ಕಿಲೋಮೀಟರ್ ಓಡಿಸಿ, ತಣ್ಣಗಾದ ಮೇಲೆ ಇನ್ನೊಂದು ಸಲ ಬಿಗಿದು ಟ್ಯಾಪೆಟ್ (ವಾಲ್ವ್ ಸಂದು) ಸೆಟ್ ಮಾಡಿದರೆ ಆಯಿತು. ನೀರು ಬಿಸಿಯಾಗುವವರೆಗೆ ರೇಡಿಯೇಟರ್‌ಗೆ ಬಿಡದ ಆ ಥರ್ಮೋಸ್ಟಾಟ್ ತೆಗೆದು ಬಿಸಾಕಿ, ನಮ್ಮ ಹವೆಗೆ ಅದು ಬೇಡವೇ ಬೇಡ. ಸಣ್ಣ ಸೋರಿಕೆಗೆ ಮೊದಲು ರೇಡಿಯೇಟರ್‌ಗೆ ಒಂದು ಹಿಡಿ ಅರಿಶಿನ ಹಾಕಿ ನೋಡಿ.

ಶಿವಮೊಗ್ಗ ಸ್ಪ್ಯಾನರ್: ಸಾರ್, ದಯವಿಟ್ಟು ಹುಡುಗನನ್ನು ದಾರಿ ತಪ್ಪಿಸಬೇಡಿ. ಅರಿಶಿನ ರೇಡಿಯೇಟರ್‌ನ ಸಣ್ಣ ತೂತಿಗೆ ಊರು ಮುಟ್ಟುವವರೆಗಿನ ಉಪಾಯ. ಹೆಡ್ ಗ್ಯಾಸ್ಕೆಟ್‌ಗೆ ಹಾಕಿದರೆ ಟ್ಯೂಬ್‌ಗಳೆಲ್ಲ ಕಟ್ಟಿಕೊಂಡು ಇನ್ನೂ ಕಾಯುತ್ತದೆ. 2003ರದ್ದು ಎಂಪಿಎಫ್‌ಐ ಗಾಡಿ, ಕಾರ್ಬುರೇಟರ್ ಅಲ್ಲ, ಪೆಟ್ರೋಲ್ ಇಂಜೆಕ್ಷನ್. ಥರ್ಮೋಸ್ಟಾಟ್ ತೆಗೆದರೆ ನೀರು ಬೇಗ ಬಿಸಿಯಾಗುವುದಿಲ್ಲ. ಇಸಿಎಂ (ಗಾಡಿಯ ಕಂಪ್ಯೂಟರ್) ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಮೈಲೇಜ್ ಹೋಯಿತು ಅಂತ ಅಳುವವರಲ್ಲಿ ಅರ್ಧ ಜನ ಹೀಗೆ ತೆಗೆಸಿದವರೇ.

ಪದ್ಮಿನಿ ಸವಾರ: ನೀವು ಹುಟ್ಟುವ ಮೊದಲೇ ನಾನು ಆಗುಂಬೆ ಘಾಟಿ ಹತ್ತಿಸಿದ್ದೇನೆ, ಥರ್ಮೋಸ್ಟಾಟ್ ಇಲ್ಲದೆ.

ಶಿವಮೊಗ್ಗ ಸ್ಪ್ಯಾನರ್: ಹೌದು, ಪ್ರತಿ ತಿರುವಿನಲ್ಲೂ ನಿಲ್ಲಿಸಿ ಕ್ಯಾನ್‌ನಿಂದ ನೀರು ಹುಯ್ಯುತ್ತಾ.

ಎಕ್ಸೆಲ್ ಅಕ್ಕ: ಗಂಡಸರೆಲ್ಲ ಬೋಲ್ಟು ನಟ್ಟಿನ ಲೆಕ್ಕ ಮಾತ್ರ ಹೇಳುತ್ತೀರಿ. ನಾನು ಪೂರ್ತಿ ಲೆಕ್ಕ ಹೇಳುತ್ತೇನೆ. ನಮ್ಮ ಯಜಮಾನರು ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಸ್ಯಾಂಟ್ರೋ ಬಿಚ್ಚಿ ಹಾಕಿದರು. ಪಾರ್ಟ್ಸ್ 6,300 ಅಷ್ಟೇ ಅಂತ ಎಲ್ಲರ ಹತ್ತಿರ ಜಂಬ. ಗಾಡಿ ಬಿದ್ದುಕೊಂಡಿದ್ದಷ್ಟು ದಿನ ಮಕ್ಕಳ ಟ್ಯೂಷನ್‌ಗೆ, ಅತ್ತೆಯ ಆಸ್ಪತ್ರೆಗೆ ಆಟೋ, ಕ್ಯಾಬ್ 7,940. ನೆಲಕ್ಕೆ ಆಯಿಲ್ ಚೆಲ್ಲಿದ್ದಕ್ಕೆ ಅಸೋಸಿಯೇಷನ್ ಫೈನ್ 1,000. ಒಂದು ಓ-ರಿಂಗ್ ಮರೆತರೆ ಮತ್ತೆ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಜೆಸಿ ರೋಡ್, ಅಲ್ಲಿ ಪಾರ್ಕಿಂಗ್ ಸಿಗದೆ ಟೋಯಿಂಗ್‌ನವರು ಭಾವನ ಸ್ಕೂಟರ್ ಎತ್ತಿಕೊಂಡು ಹೋದರು, ಅದು ಬೇರೆ. ಇಷ್ಟಕ್ಕೂ ನನ್ನ ಇಡ್ಲಿ ತಟ್ಟೆ! ವಾಲ್ವ್‌ಗಳು ಅದಲುಬದಲಾಗಬಾರದು ಅಂತ ಒಂದೊಂದು ಗುಳಿಗೆ ಒಂದೊಂದು ಇಟ್ಟಿದ್ದರು. ಎಷ್ಟು ತಿಕ್ಕಿದರೂ ಗ್ರೀಸ್ ವಾಸನೆ ಹೋಗಲಿಲ್ಲ. ಹೊಸದು 850.

ಝೆನ್ ಮಾವ: ಅಕ್ಕ, ಇಡ್ಲಿ ತಟ್ಟೆ ಐಡಿಯಾ ಮಾತ್ರ ಭರ್ಜರಿ ಕಣಮ್ಮ.

ಎಕ್ಸೆಲ್ ಅಕ್ಕ: ನಿಮ್ಮ ಮನೆಯದರಲ್ಲಿ ಇಟ್ಟು ನೋಡಿ, ಆಮೇಲೆ ಹೇಳಿ.

ನ್ಯೂಜೆರ್ಸಿ ಕನ್ನಡಿಗ: ಇಲ್ಲಿ ಇದೇ ಕೆಲಸಕ್ಕೆ ನನಗೆ 2,400 ಡಾಲರ್ ಕೋಟ್ ಕೊಟ್ಟರು. ಯೂಟ್ಯೂಬ್ ನೋಡಿ ಮನೆಯ ಗ್ಯಾರೇಜ್‌ನಲ್ಲಿ ನಾನೇ ಮಾಡಿದೆ. ಟಾರ್ಕ್ ರೆಂಚನ್ನು ಪಾರ್ಟ್ಸ್ ಅಂಗಡಿಯವರೇ ಡೆಪಾಸಿಟ್ ಇಟ್ಟುಕೊಂಡು ಸಾಲ ಕೊಡುತ್ತಾರೆ, ವಾಪಸ್ ಕೊಟ್ಟರೆ ಪೂರ್ತಿ ದುಡ್ಡು ವಾಪಸ್. ಅಲ್ಲೂ ಹಾಗೆ ಕೇಳಿ ನೋಡಿ.

ಧಾರವಾಡದ ಅಣ್ಣ: ಹಾಸನದಲ್ಲಿ ಕೇಳಿ ನೋಡಲಿ, ಅಂಗಡಿಯವನು ಚಹಾ ಕುಡಿಸಿ ಕಳಿಸುತ್ತಾನೆ. ಯಾರೂ ಹೇಳದ್ದನ್ನು ನಾನು ಹೇಳುತ್ತೇನೆ: ಗಾಡಿ ತೂಕಕ್ಕೆ ಹಾಕಿ. 15 ವರ್ಷ ದಾಟಿದ ಕಾರಿನ ಆರ್‌ಸಿ ರಿನ್ಯೂವಲ್‌ಗೆ 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. ನಾನು ಎಸ್ಟೀಮ್‌ಗೆ ಹೆಡ್ ಮಾಡಿಸಿ, ರೇಡಿಯೇಟರ್ ಹಾಕಿಸಿ, ಆಮೇಲೆ ವಾಟರ್ ಪಂಪ್, ಆಮೇಲೆ ಕ್ಲಚ್. 41,000 ಸುರಿದು ಕೊನೆಗೆ ಗುಜರಿಯವನಿಗೆ 28,000ಕ್ಕೆ ಕೊಟ್ಟೆ. ಅವನು ಇಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಟೈರ್ ನೋಡಿದ.

ಪದ್ಮಿನಿ ಸವಾರ: ಅಪ್ಪನ ಕಾರನ್ನು ತೂಕಕ್ಕೆ ಹಾಕು ಅಂತೀರಲ್ಲ, ಮನಸ್ಸು ಹೇಗೆ ಬರುತ್ತದೆ ನಿಮಗೆ?

ಧಾರವಾಡದ ಅಣ್ಣ: ದುಡ್ಡು ನೀವು ಕೊಡಿ, ಮನಸ್ಸು ನಾನು ಗಟ್ಟಿ ಮಾಡಿಕೊಳ್ಳುತ್ತೇನೆ.

ಹಾಸನದ ಹುಡುಗ: ಎಲ್ಲರಿಗೂ ಥ್ಯಾಂಕ್ಸ್. ಮಾರುವುದಿಲ್ಲ, ಮಾರಿದರೆ ಅಪ್ಪ ನನ್ನನ್ನೇ ಮನೆಯಿಂದ ಓಡಿಸುತ್ತಾರೆ. ಫೇಸಿಂಗ್ ಬೇಕಾ ಬೇಡವಾ ಅಂತ ಯಾರಾದರೂ ಹೇಳಿ ಪ್ಲೀಸ್.

ಶಿವಮೊಗ್ಗ ಸ್ಪ್ಯಾನರ್: ಹೆಡ್ ಮೇಲೆ ಸ್ಟೀಲ್ ಪಟ್ಟಿ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಸ್ಟೀಲ್ ಎಲೆಗಳು) ತೂರಿಸಿ. 0.05 ಎಂಎಂ ಎಲೆ ಎಲ್ಲಾದರೂ ಹೋಯಿತು ಅಂದರೆ ಫೇಸಿಂಗ್ ಮಾಡಿಸಿ. ಘಾಟಿಯಲ್ಲಿ ಕಾದ ಹೆಡ್, ಬೆಂಡ್ ಬಂದೇ ಇರುತ್ತದೆ. ಲೇತ್ ಅಂಗಡಿಯಲ್ಲಿ ಕ್ರ್ಯಾಕ್ ಟೆಸ್ಟ್ ಮಾಡಲೂ ಹೇಳಿ. ಇಂಜಿನ್ ಪೂರ್ತಿ ತಣ್ಣಗಾಗದೆ ಹೆಡ್ ಬೋಲ್ಟ್ ಮುಟ್ಟಬೇಡಿ. ಬಿಚ್ಚುವಾಗ ಹೊರಗಿನಿಂದ ಒಳಗೆ, ಬಿಗಿಯುವಾಗ ನಡುವಿನಿಂದ ಹೊರಗೆ, ಎರಡು ಮೂರು ಹಂತದಲ್ಲಿ. ಬೋಲ್ಟ್ ತೂತಿನಲ್ಲಿ ನೀರು ಆಯಿಲ್ ನಿಂತಿದ್ದರೆ ಹತ್ತಿ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಇಲ್ಲದಿದ್ದರೆ ಬಿಗಿಯುವಾಗ ಬ್ಲಾಕೇ ಸೀಳಬಹುದು. ಬೆಲ್ಟ್ ಬಿಚ್ಚುವ ಮೊದಲು ಟೈಮಿಂಗ್ ಮಾರ್ಕ್ ಕೂಡಿಸಿ ಫೋಟೋ ತೆಗೆಯಿರಿ. ಟಾರ್ಕ್ ಎಷ್ಟು ಅನ್ನುವುದನ್ನು ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿ, ಇಲ್ಲಿ ಯಾರ ಬಾಯಿ ಮಾತನ್ನೂ ನಂಬಬೇಡಿ.

ಪದ್ಮಿನಿ ಸವಾರ: ಯಾರ ಬಾಯಿ ಅಂತ ಹೆಸರು ಹೇಳಿ ಬರೆಯಿರಿ, ಪರವಾಗಿಲ್ಲ.

ಝೆನ್ ಮಾವ: ಸ್ಪ್ಯಾನರ್ ಅವರೇ, ಫೇಸಿಂಗ್ 800 ಅಂದಿರಲ್ಲ, ಯಾವ ಲೇತ್ ಅಂಗಡಿ? ನನ್ನ ಹತ್ತಿರ ಒಂದೊಂದು ಸಲಕ್ಕೂ 1,800 ತೆಗೆದುಕೊಂಡಿದ್ದಾರೆ.

ಶಿವಮೊಗ್ಗ ಸ್ಪ್ಯಾನರ್: ಮಾವ, ಫೇಸಿಂಗ್‌ಗೆ 1,800 ಎಲ್ಲೂ ಇಲ್ಲ. ಬಿಲ್ ಇದೆಯಾ?

ಝೆನ್ ಮಾವ: ಬಿಲ್ಲಾ? ಸಿಗರೇಟ್ ಪ್ಯಾಕಿನ ಹಿಂದೆ ಬರೆದು ಕೊಟ್ಟಿದ್ದರು.