ಪದಚರ್ಚೆ: ವರ್ಕಿಂಗ್, ಪೇರೆಂಟ್, ರೂಟ್ ಡೈರೆಕ್ಟರಿಗಳಿಗೆ ಕನ್ನಡ ಪದ (ತುರ್ತು)

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರ ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಹಾಳೆಯೊಂದು ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ಯಂತ್ರಗಳಲ್ಲಿ ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಇದೆ. ಫೈಲಿಗೆ ಕಡತ, ಫೋಲ್ಡರಿಗೆ (ಡೈರೆಕ್ಟರಿಯೂ ಅದೇ) ಕಡತಕೋಶ ಎಂದಿಟ್ಟಿದ್ದೇನೆ. ಕರಡಿನಲ್ಲಿ ವರ್ಕಿಂಗ್ (ನಾವು ಈಗ ಇರುವ) ಡೈರೆಕ್ಟರಿಗೆ ‘ಕಾರ್ಯನಿರತ ಕೋಶ’, ಪೇರೆಂಟಿಗೆ (ಅದನ್ನು ಒಳಗೊಂಡಿರುವುದಕ್ಕೆ) ‘ಪೋಷಕ ಕೋಶ’, ರೂಟಿಗೆ (ಎಲ್ಲವನ್ನೂ ಒಳಗೊಂಡಿರುವುದಕ್ಕೆ) ‘ಮೂಲ ಕೋಶ’ ಎಂದಿದೆ, ಒಪ್ಪುತ್ತವೆಯೇ? ಕೋಶ ಬದಲಿಸುವ ಕಮಾಂಡ್ ‘ಸಿಡಿ’ (cd); ಪೇರೆಂಟಿಗೆ ಹೋಗುವ ‘ಸಿಡಿ ..’ ಎದುರು ‘ಹಿಂದೆ ಹೋಗು’ ಎಂದಿದೆ.

———
ಮರು 1:

‘ಕಾರ್ಯನಿರತ’ ತಪ್ಪು. ಕೋಶ ಏನೂ ಮಾಡುತ್ತಿಲ್ಲ, ನಾವು ಅದರೊಳಗಿದ್ದೇವೆ, ಅಷ್ಟೇ. ‘ಪಿಡಬ್ಲ್ಯುಡಿ’ (pwd) ಕಮಾಂಡ್ ಹೇಳುವುದೂ ನಾವು ಎಲ್ಲಿದ್ದೇವೆ ಎಂಬುದನ್ನೇ. ‘ಈಗಿರುವ ಕೋಶ’ ಸಾಕು. ನಕಲು ಮಾಡುವ ಪಾಠದಲ್ಲಿ ‘ಮೂಲ’ ಎಂದರೆ ಎಲ್ಲಿಂದ ನಕಲು ಮಾಡುತ್ತೇವೋ ಅದು. ರೂಟಿಗೆ ಅದೇ ಪದ ಕೊಡಬೇಡಿ.

———
ಮರು 2:

ಕೋಶವೇ ಬೇಡ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದುದು ಕಡತ. ಶೃಂಗೇರಿ ಮಠದ ಕಡತಗಳ ಹೆಸರು ಕೇಳದವರಿಲ್ಲ. ಅಂಥ ಪದಕ್ಕೆ ಸಂಸ್ಕೃತದ ಬಾಲವೇಕೆ? ‘ಗೂಡು’ ಎನ್ನಿ. ಒಳಗೂಡು, ಹೊರಗೂಡು ತಾವಾಗಿ ಬರುತ್ತವೆ. ರೂಟಿಗೆ ‘ಬೇರು’.

———
ಮರು 3:

> ‘ಗೂಡು’ ಎನ್ನಿ

ಆಗದು. ಗೋಡೆಗೂಡಿನೊಳಗೆ ಇನ್ನೊಂದು ಗೂಡು ಇರುವುದಿಲ್ಲ. ಬೇರೂ ಹೊಂದದು: ‘ಮೇಲಿನ ಹಂತಕ್ಕೆ ಹೋಗು’ ಎಂದು ಕಲಿಸಿದ ಮೇಲೆ, ಹತ್ತುತ್ತಾ ಹೋದ ಮಕ್ಕಳು ಬೇರಿಗೆ ತಲುಪುವುದು ಹೇಗೆ?

———
ಮರು 2:

ಬೇರು ಮೇಲೆ, ಕೊಂಬೆ ಕೆಳಗೆ ಇರುವ ಅಶ್ವತ್ಥ ನಿಮ್ಮ ಸಂಸ್ಕೃತದಲ್ಲೇ ಇದೆ.

———
ಮರು 4:

ಮೇಲೆ-ಕೆಳಗೆ ಬಿಡಿ, ‘ಹೊರಗೆ-ಒಳಗೆ’ ಹಿಡಿಯಿರಿ. ಪೇರೆಂಟಿಗೆ ‘ಹೊರಕೋಶ’, ಸಬ್‌ಫೋಲ್ಡರಿಗೆ ‘ಒಳಕೋಶ’.

ಪದಕ್ಕಿಂತ ದೊಡ್ಡ ತಪ್ಪು ‘ಹಿಂದೆ ಹೋಗು’. ಹಿಂದಿದ್ದ ಜಾಗಕ್ಕೆ ಮರಳಿಸುವುದು ‘ಸಿಡಿ -’. ಪಾಠದ ಕೋಶದಿಂದ ನೇರವಾಗಿ /ಟಿಎಂಪಿ ಗೆ (ತಾತ್ಕಾಲಿಕ ಕಡತಗಳ ಕೋಶಕ್ಕೆ) ಹೋದಿರಿ ಎನ್ನಿ. ಅಲ್ಲಿ ‘ಸಿಡಿ -’ ಕೊಟ್ಟರೆ ಮತ್ತೆ ಪಾಠಕ್ಕೆ ಬರುತ್ತೀರಿ, ‘ಸಿಡಿ ..’ ಕೊಟ್ಟರೆ / ಗೆ, ಅಂದರೆ ಬೇರಿಗೆ. ಬೇರಿನಲ್ಲಿ ನಿಂತು ‘ಸಿಡಿ ..’ ಕೊಟ್ಟರೆ ಅಲ್ಲೇ ಉಳಿಯುತ್ತೀರಿ. ಬರೀ ‘ಸಿಡಿ’ ಕೊಟ್ಟರೆ ಮನೆಗೆ, ಅಂದರೆ ಬಳಕೆದಾರನ ಸ್ವಂತ ಕೋಶಕ್ಕೆ. ರೂಟ್ ಎಂಬ ಬಳಕೆದಾರನೂ ಇದ್ದಾನೆ, /ರೂಟ್ ಅವನ ಮನೆ. ಆ ಗೊಂದಲ ತಪ್ಪಿಸಲು ‘ಬೇರು’ ಒಳ್ಳೆಯದೇ.

‘ಸಿಡಿ’ ಮತ್ತು ಚುಕ್ಕಿಗಳ ನಡುವೆ ಜಾಗ ಬಿಡಬೇಕೆಂದು ದಪ್ಪಕ್ಷರದಲ್ಲಿ ಹಾಕಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಅಂಟಿಸಿ ಬರೆದರೂ ನಡೆಯುತ್ತದೆ. ಉಬುಂಟುವಿನಲ್ಲಿ ಅಂಥ ಕಮಾಂಡೇ ಇಲ್ಲವೆನ್ನುತ್ತದೆ. ಹೆಸರಿನ ನಡುವೆ ಜಾಗವಿದ್ದರೆ ಇಡೀ ಹೆಸರಿಗೆ ಉದ್ಧರಣ ಚಿಹ್ನೆ ಬೇಕು.

ಕನ್ನಡದಲ್ಲಿ ಹೆಸರಿಟ್ಟ ಕೋಶಗಳದ್ದು ಬೇರೆಯೇ ಕಾಟ. ‘ಲ್ಯಾಬ್’ನಂಥ ಅರ್ಧಾಕ್ಷರದ ಕೊನೆಗೆ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಅಕ್ಷರವೊಂದನ್ನು ಸೇರಿಸುತ್ತವೆ. ತೆರೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹಾಗಾಗಿ ಕಣ್ಣೆದುರಿಗಿರುವ ಕೋಶವೇ ಇಲ್ಲವೆಂದು ಉತ್ತರ ಬರುತ್ತದೆ. ಮೊದಲೆರಡು ಅಕ್ಷರ ಕೊಟ್ಟು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಅದೇ ತುಂಬುತ್ತದೆ.

———
ಮರು 2:

‘ಹೊರಕೋಶ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಸಮಾಸ.

———
ಮರು 4:

‘ಮಳೆಗಾಲ’ ಎನ್ನುವುದಿಲ್ಲವೇ?

———
ಮರು 2:

ಅಲ್ಲಿ ‘ಕಾಲ’ದ ಕಕಾರಕ್ಕೆ ಗಕಾರಾದೇಶವಾಗಿದೆ. ಒಗ್ಗಿದ ಪದ ಬೇರೆ, ಹೊಲಿದು ಸೇರಿಸಿದ್ದು ಬೇರೆ.

———
ಮರು 5:

ಅಲಮಾರು ಪೋರ್ಚುಗೀಸಿನದು, ಕಾಗದ ಪಾರಸಿಯದು. ಅವನ್ನು ಅರಗಿಸಿಕೊಂಡ ನುಡಿಗೆ ಫೋಲ್ಡರು ಭಾರವೇ? ಮಕ್ಕಳ ಬಾಯಲ್ಲಿರುವುದೂ ಅದೇ.

———
ಮರು 3:

ಅವು ಬಂದಾಗ ನಮ್ಮಲ್ಲಿ ಆ ವಸ್ತುಗಳೇ ಇರಲಿಲ್ಲ. ಕೋಶ ಇದೆ. ಇರುವುದನ್ನು ಬಿಟ್ಟು ಸಾಲ ತರುವುದು ಸೋಮಾರಿತನ.

———
ಕೇಳಿದವರು:

ಈಗಿರುವ ಕೋಶ, ಹೊರಕೋಶ, ಬೇರುಕೋಶ ಹಾಕುತ್ತಿದ್ದೇನೆ. ‘ಸಿಡಿ ..’ ಎದುರು ‘ಹೊರಕೋಶಕ್ಕೆ’, ‘ಸಿಡಿ -’ ಎದುರು ‘ಹಿಂದಿದ್ದ ಕೋಶಕ್ಕೆ’. ಟ್ಯಾಬಿನ ಮಾತು ಕೆಳಗೆ ಚೌಕದಲ್ಲಿ.

———
ಮರು 2:

‘ಬೇರುಕೋಶ’ವೂ ಅರಿಸಮಾಸವೇ. ಬರೀ ‘ಬೇರು’ ಎಂದು ಹಾಕಿ.